ಬೆಳಗಿನ ಎರಡು ಗಂಟೆಯ ಶಾಲೆ

"ಕಾಗದ ಇತ್ಲಾಗೆ ಕೊಡು. ನೀನಂತೂ ಬರಿಯಲ್ಲ," ಎಂದು ವಿಲ್ಮರ್ ಕೈ ಚಾಚಿದ.

ಕಾಗದ ರೆದಿಯೆತ್‌ಳ ಮುಂದಿತ್ತು. ಅದು ಸುತ್ತುವ ಕತೆ. ಒಬ್ಬೊಬ್ಬರೂ ಇಂಗ್ಲಿಷಿನಲ್ಲಿ ಒಂದೆರಡು ಮಾತು ಬರೆದು ಪಕ್ಕದವರಿಗೆ ಕೊಡಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುವಂತಿಲ್ಲ. ಇದು ಮಿಸ್ ಡೋರ್ಸಿಯ ರೂಲ್.

ಅಡಿಸ್ ಅಬಾಬಾದಿಂದ ಮೇರಿಲ್ಯಾಂಡಿನ ಈ ಶಾಲೆಗೆ ಬಂದಾಗಿನಿಂದ ರೆದಿಯೆತ್ ಒಂದು ಸಾಲೂ ಬರೆದಿರಲಿಲ್ಲ. ತಪ್ಪಾದರೆ ಎಲ್ಲರೂ ನಗುತ್ತಾರೆ ಎಂಬ ಭಯ ಅವಳಿಗೆ. ಸರದಿ ಬಂದಾಗಲೆಲ್ಲ ಕಾಗದವನ್ನು ಮೆಲ್ಲಗೆ ಮುಂದಕ್ಕೆ ದೂಡುತ್ತಿದ್ದಳು.

ಇವತ್ತು ಮಾತ್ರ ಬಿಡಲಿಲ್ಲ. ಪಕ್ಕದ ಥಾವೊ, 'ಒಬ್ಬ ಹುಡುಗಿ ಹೊಸ ಶೂ ಹಾಕಿಕೊಂಡಳು' ಎಂದು ಬರೆದಿದ್ದಳು. ಹೊಸ ಶೂ ಅಂದಮೇಲೆ ಶಾಲೆಗೆ ಹೋಗದೆ ಇರುತ್ತಾಳೆಯೇ? ರೆದಿಯೆತ್ ತುಟಿ ಕಚ್ಚಿಕೊಂಡು ಬರೆದಳು: 'ಅವಳು ಬೆಳಗಿನ ಎರಡು ಗಂಟೆಗೆ ಶಾಲೆಗೆ ಹೊರಟಳು.'

ವಿಲ್ಮರ್ ಕಿಸಕ್ಕನೆ ನಕ್ಕ. "ಎರಡು ಗಂಟೆಗಾ? ಆಗ ಕಳ್ಳರು ಓಡಾಡ್ತಾರೆ ಕಣೇ."

ಅವನು ರಬ್ಬರ್ ಎತ್ತಿಕೊಂಡ. ಮಿಸ್ ನೋಡುತ್ತಿದ್ದಾರೆಂದು ಕೆಳಗಿಟ್ಟ. ಬೇರೆ ದಾರಿಯಿಲ್ಲದೆ ಬರೆದ: 'ರಸ್ತೆಯಲ್ಲಿ ಯಾರೂ ಇರಲಿಲ್ಲ. ಚಂದ್ರ ಅವಳ ಜೊತೆ ನಡೆದುಕೊಂಡು ಬಂದ.'

ಕಾಗದ ಮುಂದಕ್ಕೆ ಹೋಯಿತು. ಕತೆಯಲ್ಲಿ ಸಿಗ್ನಲ್ ಆ ಹುಡುಗಿಯೊಬ್ಬಳಿಗಾಗಿ ಹಸಿರಾಯಿತು. ಶಾಲೆಯ ಬಸ್ಸುಗಳು ಸಾಲಾಗಿ ಮಲಗಿ ಗೊರಕೆ ಹೊಡೆದವು. ಮೇಜಿನ ಸುತ್ತ ಗದ್ದಲ ತಾನಾಗಿಯೇ ಪಿಸುಮಾತಾಯಿತು.

ರೆದಿಯೆತ್‌ಗೆ ಆಗ ಹೊಳೆಯಿತು. ಅವಳ ಊರಿನಲ್ಲಿ ಗಂಟೆಯ ಲೆಕ್ಕ ಶುರುವಾಗುವುದೇ ಸೂರ್ಯ ಹುಟ್ಟಿದ ಮೇಲೆ. ಎರಡು ಗಂಟೆಯೆಂದರೆ ಎಳೆ ಬಿಸಿಲು, ಮಕ್ಕಳು ಶಾಲೆಗೆ ಹೊರಡುವ ಹೊತ್ತು. ಇಲ್ಲಿ ಅದು ಕಗ್ಗತ್ತಲು! ನನ್ನ ಮೊದಲ ಸಾಲಿನಲ್ಲೇ ಎಲ್ಲರ ಕತೆ ಕೆಡಿಸಿಬಿಟ್ಟೆನಲ್ಲ ಎಂದು ಕಣ್ಣು ತುಂಬಿ ಬಂತು.

ಬಳಿಗೆ ಬಂದ ಮಿಸ್ ಡೋರ್ಸಿಗೆ ತಡವರಿಸುತ್ತ ಎಲ್ಲ ಹೇಳಿದಳು. "ನಿನ್ನ ಸಾಲು ನೀನು ಬದಲಾಯಿಸ್ಬಹುದು," ಎಂದರು ಮಿಸ್. "ಎಂಟು ಗಂಟೆ ಅಂತ ಮಾಡ್ತೀಯಾ?"

ಸುತ್ತು ಮುಗಿಸಿ ಬಂದಿದ್ದ ಕಾಗದವನ್ನು ವಿಲ್ಮರ್ ಎರಡೂ ಕೈಯಿಂದ ಮುಚ್ಚಿಕೊಂಡ. "ಬೇಡ ಮಿಸ್. ಎಂಟು ಮಾಡಿದ್ರೆ ನನ್ನ ಚಂದ್ರ ಹೋಗ್ಬಿಡ್ತಾನೆ."

ಯಾರೂ ನಗಲಿಲ್ಲ. ಎಲ್ಲರೂ ರೆದಿಯೆತ್‌ಳನ್ನೇ ನೋಡುತ್ತಿದ್ದರು. ಕಿಟಕಿಯಾಚೆ ಆಟದ ಬಯಲಿನಲ್ಲಿ ಬಿಸಿಲು ಸುರಿಯುತ್ತಿತ್ತು. ಅವಳಿಗೆ ಮಾತ್ರ ಬೆಳದಿಂಗಳ ರಸ್ತೆಯೊಂದು ಕಾಣುತ್ತಿತ್ತು. ಒಂದು ತುದಿಯಲ್ಲಿ ಅವಳೂರಿನ ನೀಲಗಿರಿ ಮರಗಳು, ಇನ್ನೊಂದು ತುದಿಯಲ್ಲಿ ಈ ಶಾಲೆ. ಅಲ್ಲಿ ನಡೆಯಲು ಅವಳಿಗೆ ಸ್ವಲ್ಪವೂ ಹೆದರಿಕೆಯಾಗಲಿಲ್ಲ.

"ರಾತ್ರೀನೇ ಇರ್ಲಿ," ಎಂದಳು.

ವಿಲ್ಮರ್ ಕಾಗದವನ್ನು ಅವಳ ಕಡೆ ಸರಿಸಿದ. "ಹಂಗಾದ್ರೆ ನೀನೇ ಬರಿ. ಶಾಲೆ ಹತ್ರ ಬಂದಾಯ್ತು, ಮುಂದೇನಾಯ್ತು?"

ರೆದಿಯೆತ್ ಪೆನ್ಸಿಲ್ ಹಿಡಿದು ನಿಧಾನವಾಗಿ ಬರೆದಳು: 'ಅವಳು ಬಾಗಿಲು ತಳ್ಳಿದಳು. ಒಳಗೆ ಎಲ್ಲರೂ ಎದ್ದೇ ಇದ್ದರು.'