ಮನೆಯ ರೋಗಿಗಿಟ್ಟ ಮಂಚ

“ಮಂಚ ಖಾಲಿ ಅದೆ ಕಣವ್ವಾ! ನಮ್ ಸೋಮಿನ ಯಾಕೆ ನೆಲದ್ ಮ್ಯಾಲೆ ಮಲಗುಸ್ತೀರಿ?”

ಕಾಡಂಚಿನ ಹಾಡಿಯಿಂದ ಹೆರಿಗೆ ನೋವಿನ ಹೆಂಡತಿ ಸೋಮಿಯನ್ನು ಗಾಡಿಯಲ್ಲಿ ತಂದಿದ್ದ ಬೆಳ್ಳ ಕೈಮುಗಿದು ಕೇಳುತ್ತಿದ್ದ. ನರ್ಸ್ ಜಮೀಲಾ ಮುಖ ತಿರುಗಿಸಿದಳು.

“ಅದು ಬೇರೆಯವರಿಗೆ ಇಟ್ಟಿರೋದು. ಸ್ವಲ್ಪ ತಡ್ಕೊಳ್ಳಿ.”

ಅದು ೧೯೬೮. ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ದಾರಿಯ ಆ ಪುಟ್ಟ ಸರ್ಕಾರಿ ಆಸ್ಪತ್ರೆಗೆ ಇದ್ದದ್ದು ಒಬ್ಬರೇ ಡಾಕ್ಟರು, ನಸೀರ್. ಸಂಜೆ ಹೊತ್ತು ಮನೆಯಲ್ಲೂ ರೋಗಿಗಳನ್ನು ನೋಡುತ್ತಿದ್ದರು. ಅವರ ಮನೆಗೆ ತೋರಿಸಿಕೊಳ್ಳಲು ಬರುತ್ತಿದ್ದ ಸಾಹುಕಾರರ ಸೊಸೆಗಾಗಿ ಆ ಮಂಚ ಕಾದಿತ್ತು.

ಡಾಕ್ಟರು ಹಾಗೆ ಹೇಳಿರಲಿಲ್ಲ. ಒಳಗೊಳಗೇ ಅವರನ್ನು ಪ್ರೀತಿಸುತ್ತಿದ್ದ ಜಮೀಲಾ ತಾನಾಗಿಯೇ ಕಾದಿರಿಸಿದ್ದಳು. ‘ಅವರಿಗೆ ಸಂತೋಷವಾಗುತ್ತದೆ...’ ಅಷ್ಟೇ ಅವಳ ಯೋಚನೆ.

ಡಾಕ್ಟರು ಮನೆಯಲ್ಲಿ ರೋಗಿಗಳನ್ನು ನೋಡುತ್ತಿದ್ದಾರೆಂದು, ಅವರಿಗೆ ಹೇಳಿಕಳಿಸುವುದಕ್ಕೂ ತಡಮಾಡಿದಳು. ಅವರು ಓಡಿಬರುವಷ್ಟರಲ್ಲಿ ಜಗಲಿಯ ಮೇಲೆ ಕೂಸು ಹುಟ್ಟಿತ್ತು.

ಅಳಲೇ ಇಲ್ಲ.

ನಸೀರ್ ಖಾಲಿ ಮಂಚವನ್ನು ನೋಡಿದರು. ಜಮೀಲಾಳನ್ನು ನೋಡಿದರು.

ಮರುದಿನವೇ ಅವರ ಮನೆಯ ಬೋರ್ಡು ಇಳಿಯಿತು. ಸಾಹುಕಾರರು ಬಂದು ಕೂಗಾಡಿದರು.

“ಇನ್ನು ನೋಡೋದಾದ್ರೆ ಆಸ್ಪತ್ರೆಯಲ್ಲೇ. ಎಲ್ಲರ ಜೊತೆಗೇ,” ಎಂದರು ನಸೀರ್.

ಜಮೀಲಾಳೊಂದಿಗೆ ಮಾತ್ರ ಕೆಲಸಕ್ಕೆ ಬೇಕಾದಷ್ಟೇ ಮಾತು.

‘ನನ್ನನ್ನು ಕಂಡರೆ ಅವರಿಗೆ ಅಸಹ್ಯ... ಆಗಲಿ. ನನಗೇ ಆಗುತ್ತಿಲ್ಲವೇ?’ ಅವಳು ಕೆ.ಆರ್. ನಗರಕ್ಕೆ ವರ್ಗ ಕೇಳಿದಳು.

ವರ್ಗವಾಯಿತು. ಹೊರಡುವ ಮುನ್ನ ಹಾಡಿಗೆ ಹೋದಳು. ಗುಡಿಸಲ ಮುಂದೆ ಸೋಮಿ ರಾಗಿ ಕೇರುತ್ತಿದ್ದಳು. ಅವಳೆದುರು ನೆಲದ ಮೇಲೆ ಕುಳಿತಿದ್ದವರು... ನಸೀರ್!

ಜಮೀಲಾ ತಿರುಗಿ ಹೋಗಿಬಿಡಬೇಕೆಂದುಕೊಂಡಳು. ಆದರೂ ಹೇಳಿದಳು.

“ಸೋಮಿ, ನಿನಗೆ ಮಂಚ ಕೊಡದೇ ಇದ್ದದ್ದು ನಾನು. ಇವರಲ್ಲ.”

“ಇವ್ರೂವೆ ನಂದೇ ತಪ್ಪು ಅಂತಾವ್ರೆ,” ಎಂದಳು ಸೋಮಿ. “ಯಾರ್ದಾದ್ರೇನವ್ವಾ? ನನ್ ಕೂಸು ಬತ್ತದಾ?”

ಸೋಮಿ ಮೊರ ಕೆಳಗಿಟ್ಟಳು.

“ನನ್ ತಂಗಿ ಚೆನ್ನಿಗೂ ತಿಂಗ್ಳು ತುಂಬ್ತಾ ಅದೆ. ಅವಳ್ನಾರ ಒಳಿಕ್ಕೆ ಕರ್ಕಳ್ಳಿ.”

ಸೋಮಿ ಮತ್ತೆ ಮೊರ ಎತ್ತಿಕೊಂಡಳು.

ಹಿಂದಿರುಗುವ ದಾರಿಯಲ್ಲಿ ಜಮೀಲಾಳೇ ಮೊದಲು ಮಾತಾಡಿದಳು. “ಇಷ್ಟು ದಿನ ನೀವು ನನ್ನ ಮುಖವನ್ನೇ ನೋಡಲಿಲ್ಲ.”

“ಧೈರ್ಯ ಬರಲಿಲ್ಲ ಜಮೀಲಾ. ಮಂಚ ಕಾದಿರಿಸಿ ಅಂತ ನಾನು ಯಾವತ್ತೂ ಹೇಳಿಲ್ಲ. ಬೇಡ ಅಂತಾನೂ ಹೇಳಲಿಲ್ಲ. ನನಗೆ ಅನುಕೂಲವಾಗಿತ್ತು... ಸುಮ್ಮನಿದ್ದೆ.”

“ನಾನು ಮಾಡಿದ್ದು ನಿಮ್ಮ ಮೇಲಿನ ಪ್ರೀತಿಗೆ.” ಹೇಳಿಯೇಬಿಟ್ಟಳು! ನಾಚಿಕೆಯಾಗಲಿಲ್ಲ, ಅಳು ಬಂತು. “ಅಂಥ ಪ್ರೀತಿ ಯಾರಿಗೆ ಬೇಕು ಹೇಳಿ?”

“ನನಗೆ ಬೇಕು.”

“ಆ ಕೂಸು ನೆನಪಾದಾಗಲೆಲ್ಲ ನಾನು ಅಳ್ತೀನಿ. ಯಾವತ್ತಿಗೂ.”

“ಅಳಿ. ಒಬ್ಬರೇ ಅಳಬೇಡಿ.”

ದೂರದಲ್ಲಿ ಆಸ್ಪತ್ರೆ ಕಂಡಿತು.

“ಕೆ.ಆರ್. ನಗರಕ್ಕೆ...?” ನಸೀರ್ ಅಳುಕುತ್ತಲೇ ಕೇಳಿದರು.

“ಚೆನ್ನಿ ಹೆರಿಗೆ ಆಗೋ ತನಕ ಎಲ್ಲಿಗೂ ಹೋಗಲ್ಲ.”

“ಆಮೇಲೆ?”

ಜಮೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಆಮೇಲೆ... ನಮ್ಮ ಅಬ್ಬಾನ ಹತ್ರ ಬಂದು ಕೇಳಿ.”