ಸೈಬೀರಿಯಾದ ನಾಯಿಗೆ ಕಂಬಳಿ

ಸುದೀಪ್‌ನ ಹೆಣ ಹಿತ್ತಲಲ್ಲಿ ಸಿಕ್ಕಾಗ ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಮೈನಸ್ ಆರು ಡಿಗ್ರಿ ಫ್ಯಾರನ್‌ಹೀಟ್. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಿತ್ತು. ಜೀವ ತೆಗೆದದ್ದು ಚಳಿ. ಮಂಜುಗಡ್ಡೆಯ ಮೇಲೆ ಜಾರಿದ್ದಾನೆ ಎಂದರು ಪೊಲೀಸರು.

"ಈ ನಾಯೀನ ಒಳಗೆ ಬಿಟ್ಟು, ಇದರ ಗಲೀಜು ತೆಗೆಯಕ್ಕೆ ಹೋಗಿ ಬಿದ್ದಿದಾರೆ ಆಂಟಿ," ಎಂದಳು ಅವನ ಹೆಂಡತಿ ಸುಹಾಸಿನಿ, ಪದ್ಮಳಿಗೆ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು ಹೆಣ ಕಂಡವಳು ಅವಳೇ. "ಮಧ್ಯಾಹ್ನ ಶೆಲ್ಟರ್‌ನವರು ಬಂದು ನಾಯೀನ ಕರ್ಕೊಂಡ್ ಹೋಗ್ತಾರೆ. ನನಗೆ ಇದರ ಮುಖ ನೋಡಕ್ಕಾಗಲ್ಲ."

ನನ್ನ ಹೆಂಡತಿ ಪದ್ಮ ಹೆಬ್ಬಾಳದಲ್ಲಿ ಮೂವತ್ತು ವರ್ಷ ಪಶುವೈದ್ಯೆಯಾಗಿದ್ದವಳು. ಬಿಡಿಸಲಾಗದ್ದು ಎದುರಾದರೆ ನಮ್ಮ ಬಡಾವಣೆಯ ಕನ್ನಡದವರು ಅವಳನ್ನು ಕರೆಯುತ್ತಾರೆ. ಹಳೆಯ ವರದಿಗಾರನಾದ ನಾನು ನೋಟ್‌ಬುಕ್ ಹಿಡಿದು ಹಿಂದೆ ಹೋಗುತ್ತೇನೆ.

ಹಸ್ಕಿ ನಾಯಿ ಲಾಂಡ್ರಿ ಕೋಣೆಯಲ್ಲಿ, ಹೀಟರ್ ಪಕ್ಕ, ಕಂಬಳಿಯ ಮೇಲೆ ತೇಕುತ್ತಿತ್ತು. ಒಂದು ಕಣ್ಣು ನೀಲಿ, ಇನ್ನೊಂದು ಕಂದು. ಸುಹಾಸಿನಿ ಬಂದಾಗಲೂ ಅದು ಅಲ್ಲೇ ಇತ್ತಂತೆ. ಪದ್ಮ ಅದರ ಪಾದ ಮೂಸಿದಳು.

"ರೀ, ನೀವೂ ನೋಡಿ."

ಎಣ್ಣೆ. ಒಂದೆಲಗದ ವಾಸನೆ.

ಬೇಸ್‌ಮೆಂಟ್‌ನಲ್ಲಿ ಬಾಡಿಗೆಗಿದ್ದ ಮಂಜೇಶ್ ಕಾಫಿ ತಂದ. ಮೈಸೂರಿನಿಂದ ಬಂದು ಮೂರು ತಿಂಗಳು. ಪಕ್ಕದೂರು ವಾರೆನ್‌ನ ಕಾರು ಕಂಪನಿಯಲ್ಲಿ ಸುದೀಪ್‌ನ ಜೊತೆಗೇ ಬ್ರೇಕ್ ಪರೀಕ್ಷೆಯ ಕೆಲಸ. ನಾಯಿ ಅವನ ಕೈ ನೆಕ್ಕಿತು.

"ಜ್ವರ ಅಂತ ಏಳಕ್ಕೇ ಮಾತ್ರೆ ನುಂಗಿ ಮಲಗಿಬಿಟ್ಟೆ ಆಂಟಿ. ಬೆಳಿಗ್ಗೆ ಇವರು ಕಿರುಚಿದಾಗ್ಲೇ ಎಚ್ಚರ ಆಗಿದ್ದು."

ನಾಯಿಯ ಊಳು ಪಕ್ಕದ ಮನೆಯ ನಮಗೂ ಕೇಳಿತ್ತು. ರಾತ್ರಿ ಎಂಟಕ್ಕೆ ಶುರು, ಎಂಟೂವರೆಗೆ ತಟ್ಟನೆ ನಿಂತಿತು. ಅಭ್ಯಾಸಬಲದಿಂದ ನಾನು ಬರೆದಿಟ್ಟಿದ್ದೆ. ಪದ್ಮ ಆ ಹಾಳೆ ಓದಿ, ಪೊಲೀಸ್ ಅಧಿಕಾರಿಯನ್ನೂ ಕರೆಸಿ, ಎಲ್ಲರನ್ನೂ ಅಡುಗೆಮನೆಯ ಮೇಜಿನ ಸುತ್ತ ಕೂರಿಸಿದಳು. ಮಾತನ್ನೆಲ್ಲ ನಾನು ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ.

"ಇದರ ಹಿರೀಕರನ್ನ ಸಾಕಿದ್ದು ಸೈಬೀರಿಯಾದ ಚುಕ್ಚಿ ಜನ. ಸ್ಲೆಡ್ ಗಾಡಿ ಎಳೆದು ಹಿಮದಲ್ಲೇ ಮಲಗೋ ಜಾತಿ, ಮೈಮೇಲೆ ಎರಡು ಪದರ ಕೂದಲು. ಸುದೀಪ್ ಇದನ್ನ ಹೀಟರ್ ಹತ್ರ ಮಲಗಿಸ್ತಿದ್ನಾ?"

ಸುಹಾಸಿನಿ ತಲೆಯೆತ್ತಿದಳು. "ಇಲ್ಲ... ಹತ್ರಕ್ಕೂ ಬಿಡ್ತಿರಲಿಲ್ಲ."

"ಪಾದಕ್ಕೆ ಎಣ್ಣೆ?"

"ಎಣ್ಣೆ ಅಲ್ಲ, ಮೇಣ ಹಚ್ತಿದ್ರು."

"ಅಂದ್ರೆ ಎಂಟೂವರೆಗೆ ಇದನ್ನ ಒಳಗೆ ತಂದು ಬಾಯಿ ಮುಚ್ಚಿಸಿದ್ದು ಸುದೀಪ್ ಅಲ್ಲ. ನೀನು ಡ್ಯೂಟೀಲಿದ್ದೆ. ಉಳಿದೋರು ಒಬ್ಬರೇ, ನಮ್ಮೂರಿನ ಲೆಕ್ಕದಲ್ಲಿ ಇದಕ್ಕೂ ಚಳಿ ಆಗತ್ತೆ ಅಂದ್ಕೊಳ್ಳೋರು. ಮಂಜೇಶ್, ನಿನ್ನ ತಲೇಲಿರೋ ಒಂದೆಲಗದೆಣ್ಣೆ ಅಮ್ಮ ಕಾಸಿ ಕಳಿಸಿದ್ದಾ?"

"ನಾನು ಏನಾದ್ರೂ ಮಾಡಿದ್ರೆ ನಾಯಿ ಕಚ್ತಿರಲಿಲ್ವಾ ಆಂಟಿ? ನೋಡಿ, ನೆಕ್ತಿದೆ!"

"ಇದು ಕಾವಲು ನಾಯಿ ಅಲ್ಲಪ್ಪ. ಕಳ್ಳನಿಗೂ ಬಾಲ ಆಡ್ಸತ್ತೆ."

ಮಂಜೇಶ್ ಲೋಟ ಮೇಜಿನ ಮೇಲಿಟ್ಟು ಒಪ್ಪಿಕೊಂಡ. ಪರೀಕ್ಷೆಯ ಅಂಕಿಗಳನ್ನು ಅವನು ತಿದ್ದಿದ್ದ. ಸೋಮವಾರ ಮೇಲಿನವರಿಗೆ ತಿಳಿಸುವೆನೆಂದು ಸುದೀಪ್ ಹೇಳಿದ್ದ. ಕೆಲಸ ಹೋದರೆ ವೀಸಾ ಹೋಗುತ್ತಿತ್ತು.

"ಹಿತ್ತಲ ಮೆಟ್ಟಿಲ ಮೇಲೆ ತಳ್ಳಿದ್ದಷ್ಟೇ. ನಾಯಿ ಊಳಿಡ್ತಾನೇ ಇತ್ತು. ಹಿಮ ಕರಗಿಸಕ್ಕೆ ರಸ್ತೆಗೆ ಹಾಕೋ ಉಪ್ಪಿಗೆ ಪಾದ ಬಿರಿದಿತ್ತು... ಪಾಪ ಅನಿಸಿ ಎಣ್ಣೆ ಹಚ್ಚಿದೆ."

"ಆಗ ಅವರಿಗೆ ಉಸಿರಿತ್ತಾ?" ಎಂದಳು ಸುಹಾಸಿನಿ.

"ಇತ್ತು," ಎಂದ ಅವನು. ಅಧಿಕಾರಿ ಎದ್ದು ಅವನ ಹಿಂದೆ ನಿಂತ.

ಮಧ್ಯಾಹ್ನ ಬಂದ ಶೆಲ್ಟರ್‌ನ ವ್ಯಾನನ್ನು ಸುಹಾಸಿನಿ ವಾಪಸು ಕಳಿಸಿ, ಹಿತ್ತಲ ಬಾಗಿಲು ತೆಗೆದಳು. ನಾಯಿ ಹೋಗಿ, ಸುದೀಪ್ ಬಿದ್ದಿದ್ದ ಜಾಗದಲ್ಲಿ ಸುರುಳಿ ಸುತ್ತಿ, ಬಾಲದಿಂದ ಮೂಗು ಮುಚ್ಚಿ ಮಲಗಿತು. ಅದರ ಬೆನ್ನ ಮೇಲೆ ಹಿಮ ಬೀಳುತ್ತಿತ್ತು, ಕರಗುತ್ತಿರಲಿಲ್ಲ.