ಹಗ್ಗ ಕತ್ತರಿಸಿದವನು

"ಏಯ್... ಏನ್ ಮಾಡಾಕತ್ತೀರಿ ಅಲ್ಲಿ? ಅದು ನನ್ನ ಹಗ್ಗ!"

ಲುಂಬಿನಿಯ ಕೂಗಿಗೆ ಹಳೇ ಕಲ್ಲಿನ ಖಣಿಯ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ರಾಶಿಯ ಮೇಲೆ ಕುಳಿತಿದ್ದ ಆ ಯುವಕ ಮಾತ್ರ ಕದಲಲಿಲ್ಲ. ಚಾಕು ಒತ್ತಿ ಇನ್ನೊಂದು ತುಂಡು ಕತ್ತರಿಸಿದ. ಅವನ ಕಾಲ ಬಳಿ ನೀಲಿ ಹಗ್ಗದ ತುಂಡುಗಳು ಬಿದ್ದಿದ್ದವು.

ಬಾದಾಮಿಯ ಬಂಡೆ ಏರುವ ಶಿಬಿರದಲ್ಲಿ ಗಂಡು ಹುಡುಗರನ್ನೆಲ್ಲ ಹಿಂದೆ ಹಾಕಿ ಅವಳು ಗೆದ್ದು ತಂದ ಹಗ್ಗ ಅದು! ಶಹಾಬಾದದ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದ ಲುಂಬಿನಿ ಪ್ರತಿ ಭಾನುವಾರ ತನ್ನೂರು ಭಂಕೂರದ ಹುಡುಗಿಯರಿಗೆ ಇದೇ ಹಗ್ಗ ಕಟ್ಟಿ ಖಣಿಯ ಗೋಡೆ ಏರುವುದನ್ನು ಕಲಿಸುತ್ತಿದ್ದಳು.

ಓಡಿ ಬಂದವಳೇ ಅವನ ಕೈಯಿಂದ ಚಾಕು ಕಿತ್ತುಕೊಂಡಳು.

"ಯಾರ್ರಿ ನೀವು?"

"ಅಂಬರೇಶ ಅಂತ. ಸನ್ನತಿಯಾಂವ. ಕೋಡ್ಲಾ ಕಡಿ ಫ್ಯಾಕ್ಟರ್‍ಯಾಗ ಸೇಫ್ಟಿ ಕೆಲಸ ಮಾಡ್ತೀನಿ. ಚೌಡೇಶಣ್ಣ ಈ ಜಾಗ ನೋಡ್ರಿ ಅಂದಿದ್ದರು..."

ಚೌಡೇಶ! ಆ ಹೆಸರು ಕೇಳಿದ್ದೇ ತಡ, ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಗೋಡೆಗೆ ಬರುವ ದಾರಿ ಇದ್ದದ್ದು ಚೌಡೇಶನ ತೊಗರಿ ಹೊಲದಲ್ಲಿ. 'ಯಾವದಾರ ಹುಡುಗಿ ಬಿದ್ದು ಸತ್ತರ ನನ್ನ ತೆಲಿಮ್ಯಾಲ ಬರ್ತದ, ದಾರಿ ಮುಚ್ಚತೀನಿ' ಎಂದು ಅವನು ತಿಂಗಳಿಂದ ಹೇಳುತ್ತಲೇ ಇದ್ದ.

'ಓಹೋ... ದಾರಿ ಮುಚ್ಚುವ ಮೊದಲು ಹಗ್ಗವನ್ನೇ ಮುಗಿಸಲು ಕಳಿಸಿದ್ದಾನೆ!'

"ಮೇಡಂ, ಈ ಹಗ್ಗ ಸತ್ತದ," ಅಂಬರೇಶ ಮೆಲ್ಲಗೆ ಹೇಳಿದ. "ಹಾಜಿಮಲಂಗ್ ಚಾಚಾನ ಟಂಟಂದಾಗ ನಾ ಬರುವಾಗ ಇನ್ವರ್ಟರ್ ಬ್ಯಾಟರಿ ಉರುಳಿ ಬಿದ್ದಿತ್ತು. ಅದರ ಆಸಿಡ್ ಈ ಹಗ್ಗದ ಚೀಲದಾಗ ಇಳದದ. ಏರೋ ಮಂದಿ ಸತ್ತ ಹಗ್ಗ ಹಂಗೇ ಬಿಡಂಗಿಲ್ಲ, ಕತ್ತರಿಸಿ ಹಾಕ್ತಾರ. ಇಲ್ಲಂದ್ರ ಯಾರಾರ ಗೊತ್ತಿಲ್ಲದೇ ಕಟ್ಕೋತಾರ."

ಹಾಜಿಮಲಂಗ್‌ನ ಟಂಟಂ ಆಟೋದಲ್ಲೇ ಆ ಹಗ್ಗ ವಾರವೆಲ್ಲ ಇರುತ್ತಿದ್ದದ್ದು ನಿಜ. ಆದರೆ ಲುಂಬಿನಿ ಒಂದು ತುಂಡು ಎತ್ತಿ ತಿರುಗಿಸಿ ನೋಡಿದಳು. ಸುಟ್ಟಿರಲಿಲ್ಲ, ಎಳೆ ಎದ್ದಿರಲಿಲ್ಲ. ಹೊಸದರಂತೆ ಹೊಳೆಯುತ್ತಿತ್ತು.

"ಸುಳ್ಳ! ಒಂದ್ ಎಳಿ ಸುದ್ದಾ ಹೋಗಿಲ್ಲ. ನಾ ಬರೋತನಾ ಕಾಯಾಕ ಆಗಲಿಲ್ಲೇನು ನಿಮಗ? ನನ್ನ ಒಂದ್ ಮಾತು ಕೇಳಾಕ ಆಗಲಿಲ್ಲೇನು?"

ಅಂಬರೇಶ ಕಾಲ ಬಳಿಯ ತುಂಡುಗಳನ್ನು ಒಟ್ಟುಗೂಡಿಸತೊಡಗಿದ. ಅವನ ಬೆರಳ ತುದಿಗಳು ಗಡಸಾಗಿದ್ದವು, ಗಿಣ್ಣುಗಳ ಮೇಲೆ ತರಚಿದ ಗಾಯದ ಕಲೆಗಳಿದ್ದವು. ಇಂಥ ಕೈ ಅವಳಿಗೂ ಇತ್ತು. 'ಇವನೂ ಏರುವವನೇ...' ಎಂದುಕೊಂಡಾಗ ಅವಳ ಸಿಟ್ಟು ಇಳಿಯುವ ಬದಲು ಇನ್ನೂ ಏರಿತು. ಏರುವವನೇ ಇನ್ನೊಬ್ಬಳ ಹಗ್ಗ ಕತ್ತರಿಸುವುದೇ?

"ಹೋಗಿ ನಿಮ್ಮ ಚೌಡೇಶಣ್ಣಗ ಹೇಳ್ರಿ. ಹಗ್ಗ ಹೋದ್ರ ಹೋಯ್ತು, ಈ ಲುಂಬಿನಿ ಗ್ವಾಡಿ ಬಿಡಂಗಿಲ್ಲ!"

ತುಂಡುಗಳನ್ನೆಲ್ಲ ಬಾಚಿಕೊಂಡು ಅವಳು ಹೊರಟಳು. ಹಿಂದೆ ಬರುತ್ತಿದ್ದ ಹುಡುಗಿಯರು ಬಾಯಿ ಬಿಟ್ಟು ನೋಡುತ್ತಾ ನಿಂತರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಪೂನಮ್. ಅಂದು ಮೊದಲು ಏರುವ ಸರದಿ ಅವಳದೇ ಆಗಿತ್ತು.

ಸಂಜೆ ಅಂಬರೇಶ ತನ್ನದೇ ಕೆಂಪು ಹಗ್ಗವನ್ನು ಹಾಜಿಮಲಂಗ್ ಕೈಯಲ್ಲಿ ಅವಳ ಮನೆಗೆ ಕಳಿಸಿದ. ಅವಳು ಹಾಗೇ ವಾಪಸು ಕಳಿಸಿದಳು. ಮರುದಿನ ಮತ್ತೆ ಬಂತು.

"ಬೇಟಿ, ಇಟ್ಕೋ. ಆ ಮನಶ್ಯಾ ಖರೇನ ಬೇಜಾರ ಮಾಡ್ಕೊಂಡಾನ," ಎಂದ ಹಾಜಿಮಲಂಗ್.

"ಚಾಚಾ, ಕೈ ಮುರದು ಮುಲಾಮ ಹಚ್ಚೋರ ಹಗ್ಗ ನನಗ ಬ್ಯಾಡ!"

ಹಗ್ಗ ತಿರುಗಿ ಹೋಯಿತು. ಆದರೆ ಸಿಟ್ಟಿಲ್ಲದ ಆ ಮುಖ, ಗಾಯದ ಆ ಕೈ ಮಾತ್ರ ಹೋಗಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸುವಾಗಲೂ ಕಣ್ಣ ಮುಂದೆ ಬಂದು ಕುಳಿತುಬಿಡುತ್ತಿತ್ತು. 'ಛೇ! ನನಗೇನಾಗಿದೆ?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಏನಾಗಿತ್ತೆಂದು ನಮಗೆ ಗೊತ್ತು. ಅವಳಿಗೆ ಹೇಳುವ ಧೈರ್ಯ ಯಾರಿಗಿತ್ತು?

ಸತ್ಯ ಹೊರಬಂದದ್ದು ಎಮ್ಮೆಯಿಂದ.

ಲುಂಬಿನಿಯ ಅವ್ವ ಅನಸುಬಾಯಿ ಯಾವುದನ್ನೂ ಎಸೆಯುವವಳಲ್ಲ. ನೀಲಿ ತುಂಡುಗಳಲ್ಲಿ ಉದ್ದನೆಯದನ್ನು ಆರಿಸಿ ಎಮ್ಮೆಯನ್ನು ಗೂಟಕ್ಕೆ ಕಟ್ಟಿದ್ದಳು. ಶನಿವಾರ ಬೆಳಿಗ್ಗೆ ಎದುರಿಗೆ ಹಸಿ ಮೇವಿನ ಹೊರೆ ಇಳಿಸುತ್ತಿದ್ದಂತೆ ಎಮ್ಮೆ ಕೊರಳು ಎಳೆಯಿತು. ಒಂದೇ ಎಳೆತ... ಹಗ್ಗ ಪಟ್ಟನೆ ಹರಿಯಿತು!

"ಅಯ್ಯ! ಎಂಥಾ ಹಗ್ಗನವಾ ನಿಂದು? ನಮ್ಮ ಪುಂಡಿ ನಾರಿನ ಹಗ್ಗಾನ ಛಲೋ," ಎಂದು ನಕ್ಕಳು ಅನಸುಬಾಯಿ.

ಲುಂಬಿನಿ ನಗಲಿಲ್ಲ. ಒಂದು ಜೀಪನ್ನೇ ತೂಗುಹಾಕಬಹುದಾದ ಹಗ್ಗ ಅದು. ಚಾಕು ತಾಗಿದ ತುದಿಯಲ್ಲಿ ಅದು ಹರಿದಿರಲಿಲ್ಲ, ನಟ್ಟನಡುವೆ ಹರಿದಿತ್ತು. ಒಳಗಿನ ಬಿಳಿ ಎಳೆಗಳನ್ನು ಬೆರಳಲ್ಲಿ ಉಜ್ಜಿದಳು. ಅವು ಪುಡಿಪುಡಿಯಾಗಿ ಉದುರಿದವು.

ಪೂನಮ್‌ಳ ಸೊಂಟಕ್ಕೆ ಇದೇ ಹಗ್ಗ... ತನ್ನದೇ ಕೈಯಿಂದ...

ಗೂಟದ ಪಕ್ಕದಲ್ಲೇ ಕುಳಿತಳು. ಕಣ್ಣೀರು ತಡೆಯಲಾಗಲಿಲ್ಲ. 'ಅವನು ಕಾಯ್ದು, ಕೇಳಿ, ಬುದ್ಧಿ ಹೇಳಿದ್ದರೆ ನಾನು ಕೇಳುತ್ತಿದ್ದೆನೇ? ಇಲ್ಲ! ಹಟಕ್ಕೆ ಬಿದ್ದು ಅದೇ ಹಗ್ಗ ಕಟ್ಟಿಕೊಂಡು ಏರಿಯೇ ತೋರಿಸುತ್ತಿದ್ದೆ...'

ದಾರಿಯ ವಿಷಯ ತೀರ್ಮಾನಿಸಲು ಭಾನುವಾರ ಖಣಿಯ ಬಳಿ ಊರವರು ಸೇರಿದರು. ಚೌಡೇಶ ಎಲ್ಲರ ನಡುವೆ ನಿಂತು, "ಹೇಳ್ರಿ ಅಂಬರೇಶ. ದಾರಿ ಮುಚ್ಚಲೋ ಬ್ಯಾಡೋ?" ಎಂದ.

"ಮುಚ್ಚಬ್ಯಾಡ್ರಿ. ಮ್ಯಾಲಿನ ಸಡಲ ಕಲ್ಲು ನಾ ಕೆಡವಿ ಬಂದೀನಿ. ಹುಡುಗ್ಯಾರ ತೆಲಿಗಿ ಹೆಲ್ಮೆಟ್ ಇರಲಿ. ಗ್ವಾಡಿ ಛಲೋ ಅದ, ಕಲಸೋರು ಇನ್ನೂ ಛಲೋ ಅದಾರ."

ಲುಂಬಿನಿ ತಲೆ ಎತ್ತಿದಳು. ಇವನು... ನನ್ನ ಪರ?

"ಹಂಗಾರ ಹಗ್ಗ ಯಾಕ ಕತ್ತರಿಸಿದ್ರಿ? ಏನೋ ಅಪಾಯ ಕಂಡಿರಬೇಕಲ್ಲ?" ಎಂದ ಚೌಡೇಶ.

ಅಂಬರೇಶ ಒಂದು ಕ್ಷಣ ಅವಳತ್ತ ನೋಡಿದ. "ತಪ್ಪು ನಂದು. ಹಗ್ಗ ಛಲೋ ಇತ್ತು. ನನಗ ತಿಳೀಲಿಲ್ಲ."

ಸುಳ್ಳು! ಅವಳಿಗಾಗಿ, ಗೋಡೆಗಾಗಿ ಎಲ್ಲರ ಮುಂದೆ ಅವನು ಮೂರ್ಖನಾಗಿ ನಿಂತಿದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ದಾರಿ ಉಳಿಯುತ್ತಿತ್ತು. ಬಾಯಿ ತೆರೆದರೆ ಅವಳ ಹುಡುಗಿಯರ ಗೋಡೆ ಹೋದರೂ ಹೋಯಿತು...

ಆದರೆ ಬಾಯಿ ಮುಚ್ಚಿಕೊಂಡಿದ್ದರೆ ಅವಳು ಲುಂಬಿನಿಯೇ ಅಲ್ಲ!

"ಸುಳ್ಳು ಹೇಳಾಕತ್ತಾರ!" ಹರಿದ ತುಂಡನ್ನು ಎತ್ತಿ ಹಿಡಿದಳು. "ಈ ಹಗ್ಗ ಸತ್ತಿತ್ತು. ನಮ್ಮ ಎಮ್ಮಿ ಒಂದ್ ಎಳತಕ್ಕ ಹರದದ. ಟಂಟಂದಾಗ ಇಟ್ಟಾಕಿ ನಾನು, ಪರೀಕ್ಷಾ ಮಾಡದಾಕಿ ನಾನು. ಅವರು ಕತ್ತರಿಸದೇ ಇದ್ದರ ಇವತ್ತ ನಾವೆಲ್ಲ ಪೂನಮ್‌ಳ ಮನಿ ಮುಂದ ಅಳಕೋತ ಕುಂದರತಿದ್ವಿ!"

ಜನರಲ್ಲಿ ಗುಸುಗುಸು ಎದ್ದಿತು. ಚೌಡೇಶನ ಹುಬ್ಬು ಗಂಟಿಕ್ಕಿತು. "ಅಂದ್ರ ನಾ ಹೇಳಿದ್ದೇ ಖರೆ ಆಯ್ತಲ್ಲ?"

"ಅರ್ಧ ಖರೆ ಅಣ್ಣಾ! ತಪ್ಪಾಗ್ಯದ, ಒಪ್ಪೀನಿ. ಆದ್ರ ನೀವು ದಾರಿ ಮುಚ್ಚಿದ್ರ ಹುಡುಗ್ಯಾರು ಆ ಕಡಿಂದ ಬಾವಿ ಹಗ್ಗ ಕಟ್ಕೊಂಡು ಹತ್ತತಾರ. ನಾ ಸಣ್ಣಾಕಿದ್ದಾಗ ಹಂಗೇ ಹತ್ತೀನಿ. ಕದ್ದು ಹತ್ತೋದು ಬೇಕೋ, ನಿಮ್ಮ ಕಣ್ಣ ಮುಂದ ಕಲತು ಹತ್ತೋದು ಬೇಕೋ? ನೀವೇ ಹೇಳ್ರಿ!"

ಚೌಡೇಶ ತಲೆ ಎತ್ತಿ ಗೋಡೆಯನ್ನು ತುದಿಯವರೆಗೆ ನೋಡಿದ. ಕೊನೆಗೆ, "ನನ್ನ ಮುಂದ ಹತ್ತಿ ತೋರಸು. ಆಮ್ಯಾಲ ನೋಡಮು," ಎಂದ.

ಅಂಬರೇಶ ತನ್ನ ಕೆಂಪು ಹಗ್ಗವನ್ನು ಗೋಡೆಯ ಮೇಲಿನ ಬೇವಿನ ಮರಕ್ಕೆ ಕಟ್ಟಿದ ಕೊಂಡಿಯಲ್ಲಿ ದಾಟಿಸಿ ಕೆಳಗಿಳಿಸಿದ. ಈ ಸಲ ಲುಂಬಿನಿ ವಾಪಸು ಕಳಿಸಲಿಲ್ಲ. ಒಂದು ತುದಿಯನ್ನು ತನ್ನ ಸೊಂಟದ ಪಟ್ಟಿಗೆ ಕಟ್ಟಿಕೊಂಡಳು, ಇನ್ನೊಂದು ಅವನ ಕೈಯಲ್ಲಿತ್ತು. ಏರುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ನೋಡುವುದು ಏರುವವರ ಪದ್ಧತಿ.

"ನಿಮ್ಮ ಗಂಟು ನೋಡ್ಲಿ?"

"ಓಹೋ... ಈಗ ಕೇಳಾಕ ಬರ್ತದೇನು?"

"ಒಮ್ಮಿ ಕೇಳದೇ ಕೆಟ್ಟೀನಲ್ರಿ," ಎಂದ ಅಂಬರೇಶ. ಅವಳಿಗೆ ನಗು ಬಂತು. ತಡೆದುಕೊಂಡಳು, ಆದರೂ ಅವನಿಗೆ ಕಂಡಿತು.

ಅವಳು ಏರಿದಳು. ಕೆಳಗೆ ಹಗ್ಗ ಹಿಡಿದವನ ಕಣ್ಣು ಅವಳಿಂದ ಕದಲಲಿಲ್ಲ. ತುದಿ ಮುಟ್ಟಿ, ಬೇವಿನ ಬೇರಿಗೆ ಕೈ ತಟ್ಟಿದಾಗ ಹುಡುಗಿಯರು ಸಿಳ್ಳೆ ಹೊಡೆದರು.

ಚೌಡೇಶ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ತೊಗರಿ ತುಳೀಬ್ಯಾಡ್ರಿ ಮತ್ತ. ಬದುವಿನ ಮ್ಯಾಲ ನಡೀರಿ," ಎಂದು ಹೇಳಿ ಊರವರ ಜೊತೆ ಹೊರಟುಹೋದ. ಹುಡುಗಿಯರು ಅವನ ಹಿಂದೆಯೇ ಕುಣಿಯುತ್ತಾ ಓಡಿದರು.

ಅಂಬರೇಶ ಮೆಲ್ಲಗೆ ಹಗ್ಗ ಸಡಿಲಿಸುತ್ತಾ ಅವಳನ್ನು ಇಳಿಸತೊಡಗಿದ. ಅರ್ಧ ದಾರಿಯಲ್ಲಿ ಅವಳು ಕೂಗಿದಳು. "ಏನೋ ಹೇಳೋದದ ಅಂತ ನಿಮ್ಮ ಮಾರಿಮ್ಯಾಗ ಕಾಣಾಕತ್ತದ. ಹೇಳ್ರಿ!"

"ಕಾಲು ನೆಲಕ್ಕ ಹತ್ತಲಿ. ಹಗ್ಗ ಹಿಡದಾಗ ಮನಸ ಬ್ಯಾರೆ ಕಡಿ ಹೋಗಬಾರದು."

ಅವಳ ಕಾಲು ನೆಲ ಮುಟ್ಟಿತು. ಎದೆ ಮಾತ್ರ ಇನ್ನೂ ಮೇಲೆಯೇ ಇತ್ತು.

"ನಿಮ್ಮ ಅಪ್ಪ ಅವ್ವನ್ನ ಕೇಳಾಕ ಮನಿಗಿ ಬರ್ಲಿ ಅಂತ..."

"ಮತ್ತ ಅದೇ ತಪ್ಪು! ಮೊದಲ ಯಾರನ್ನ ಕೇಳಬೇಕು?"

ಅವನು ನಾಚಿದ. "ಲುಂಬಿನಿ... ನಿನಗ ಒಪ್ಪಿಗಿ ಅದ ಏನು?"

ಅವಳ ಕಣ್ಣು ತುಂಬಿತು. ಆದರೂ ಗಲ್ಲ ಮೇಲೆತ್ತಿಯೇ ಕೇಳಿದಳು. "ನಿಮ್ಮದು ಸನ್ನತಿಯ ನದಿ ದಂಡಿ ಮನೆತನ. ನಮ್ಮ ಓಣಿ ಊರ ಹೊರಗಿಂದು ಅಂತ ಗೊತ್ತದ ಅಲಾ? ನಿಮ್ಮವರು ಬಾಗಲಾ ಹಾಕ್ಕೊಂಡ್ರ?"

"ಹೊರಗ ಕುಂದ್ರತೀನಿ, ತೆಗಿಯೋತನಾ. ಒಬ್ಬನೇ ಅಲ್ಲ, ನಿನ್ನ ಬಾಜೂಕ."

"ತೆಗೀಲೇ ಇಲ್ಲಂದ್ರ?"

"ನಿಮ್ಮ ಮನ್ಯಾಗ ಎಮ್ಮಿ ಕಾಯಕೋತ ಇರ್ತೀನಿ."

ಲುಂಬಿನಿ ಅಳುತ್ತಲೇ ನಕ್ಕಳು. ಗಂಟು ಬಿಚ್ಚಲು ಅವನ ಕೈ ಮುಂದೆ ಬಂದು, ಅಲ್ಲೇ ನಿಂತಿತು.

"ಬಿಚ್ಚಲಿ?"

"ಬ್ಯಾಡ," ಎಂದಳು ಅವಳು. "ಇನ್ನೊಂದು ಸ್ವಲ್ಪ ಹೊತ್ತು ಹಂಗೇ ಇರಲಿ."